ಅಮ್ಮ ಸರಿ, ಅಕ್ಕ ಸರಿ, ಪುಸ್ತಕ ಮಾತ್ರ "ಪುಸತಕ": ಮೂರನೇ ತರಗತಿಯ ಒತ್ತಕ್ಷರಕ್ಕೆ ಏನು ಮಾಡ್ತೀರಿ?

ಚುಕ್ಕಿ ಮಿಸ್
ಎಲ್ಲರಿಗೂ ನಮಸ್ಕಾರ. ಕಿರಿಯ ಪ್ರಾಥಮಿಕ ಶಾಲೆ, ನಲಿ-ಕಲಿ ಕೋಣೆ, ಅಂದರೆ ಮಕ್ಕಳು ಒಟ್ಟಿಗೆ ಕೂತು ಕಾರ್ಡು, ಚಟುವಟಿಕೆಗಳಿಂದ ಕಲಿಯುವ ಕೋಣೆ. ಒಂದರಿಂದ ಮೂರನೇ ತರಗತಿವರೆಗೆ ಒಟ್ಟು 24 ಮಕ್ಕಳು, ಅವರಲ್ಲಿ ಮೂರನೆಯವರು 9. ತೊಂದರೆ ಈ ಒಂಬತ್ತು ಮಕ್ಕಳ ಒತ್ತಕ್ಷರದ್ದು.

"ಬರಲ್ಲ" ಅಂತಷ್ಟೇ ಹೇಳಿದರೆ ನಿಮಗೂ ಏನೂ ತಿಳಿಯಲ್ಲ, ಅದಕ್ಕೆ ಸೋಮವಾರದ ಉಕ್ತಲೇಖನದ ಲೆಕ್ಕವನ್ನೇ ಕೊಡ್ತೀನಿ. ಅಮ್ಮ, ಅಕ್ಕ, ಅಜ್ಜ: ಒಂಬತ್ತಕ್ಕೆ ಒಂಬತ್ತೂ ಸರಿ. ಕತ್ತೆ: ಐದು ಸರಿ, ಉಳಿದ ನಾಲ್ಕೂ "ಕತೆ". ಪುಸ್ತಕ: ಎರಡು ಸರಿ, "ಪುಸತಕ" ನಾಲ್ಕು, "ಪುತ್ಸಕ" ಎರಡು, "ಪುತಕ" ಒಂದು. "ಶಕ್ತಿ" ಪದ ಸರಿ ಬರೆದಿದ್ದು ಒಬ್ಬಳೇ. ಸೂರ್ಯ ಸೊನ್ನೆ. ಓದುವಾಗಲೂ ಶಕ್ತಿಯನ್ನು "ಶಕಿತ" ಅಂತಾರೆ.

ತಪ್ಪಿದ ಪದವನ್ನು ಹತ್ತು ಸಲ ಬರೆಸ್ತಿದ್ದೀನಿ. ಮುಂದಿನ ವಾರ ಮತ್ತೆ ಅದೇ ಪುಸತಕ. ಐದು ತಟ್ಟೆ (ಮಕ್ಕಳು ಕೂರುವ ಗುಂಪು) ಸುತ್ತಿ ಬರುವಷ್ಟರಲ್ಲಿ ಇವರ ಜೊತೆ ಕೂರೋಕೆ ಸಿಗೋದು ಹೆಚ್ಚೆಂದರೆ 15 ನಿಮಿಷ. ಆ ಹದಿನೈದು ನಿಮಿಷ ಯಾವುದಕ್ಕೆ ಕೊಡಲಿ?

ಬಳಪದ ಪುಡಿ
ಮೊದಲು ಆ ಹತ್ತು ಸಲ ಬರೆಸೋದು ನಿಲ್ಲಿಸಿ ಮೇಡಂ. ಮಗು ಅದನ್ನು ಹೇಗೆ ಬರೆಯುತ್ತೆ ಅಂತ ಪಕ್ಕದಲ್ಲಿ ನಿಂತು ನೋಡಿ. ಮೊದಲು ಹತ್ತು ಗೆರೆಗೂ ಮೇಲಿಂದ ಕೆಳಗೆ ಬರೀ "ಪು" ಇಳಿಸುತ್ತೆ. ಆಮೇಲೆ ಎರಡನೇ ಅಕ್ಷರ ಹತ್ತು. ಆಮೇಲೆ "ಕ" ಹತ್ತು. ಪುಸ್ತಕ ಅನ್ನೋ ಪದ ಒಂದು ಸಲವೂ ತಲೆಯೊಳಗೆ ಹೋಗಿರಲ್ಲ, ಕಂಬ ನೆಟ್ಟ ಹಾಗೆ. ನಾಲ್ಕನೇ ಗೆರೆಯಲ್ಲಿ ಒತ್ತು ತಪ್ಪಿದರೆ ಐದರಿಂದ ಹತ್ತರವರೆಗೆ ಆ ತಪ್ಪೇ ನಕಲಾಗುತ್ತೆ. ತಪ್ಪನ್ನು ಆರು ಸಲ ಅಭ್ಯಾಸ ಮಾಡಿಸಿದ ಹಾಗಾಯ್ತು.

ಹಳೇ ಮೇಷ್ಟ್ರು
ಇದಕ್ಕೆಲ್ಲ ಮೂಲ ಕಾರಣ ಕಾಗುಣಿತ ಬಾಯಿಪಾಠ ಬಿಟ್ಟಿದ್ದು. ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ, ಕ ಗುಡಿಸಿನ ದೀರ್ಘ ಕೀ, ಕ ಕೊಂಬು ಕು... ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಹತ್ತು ನಿಮಿಷ ಒಕ್ಕೊರಲಿನಿಂದ ಹೇಳಿಸಿ. ಅದಾದ ಮೇಲೆ ಕ ಕೆ ಕ ಒತ್ತು ಕ್ಕ, ಗ ಕೆ ಗ ಒತ್ತು ಗ್ಗ. ಒಂದು ತಿಂಗಳಲ್ಲಿ ತಾನಾಗಿ ಬರುತ್ತೆ. ಕಾರ್ಡು, ತಟ್ಟೆ, ಪಾಠದ ಮೆಟ್ಟಿಲು ತೋರಿಸುವ ಏಣಿ ಅಂತ ಆಟ ಆಡಿಸಿದರೆ ಇನ್ನೇನಾಗುತ್ತೆ?

ತಟ್ಟೆ ಐದು
ಮೇಷ್ಟ್ರೇ, ಏಣಿಯನ್ನು ಬೈಯುವ ಮುಂಚೆ ಒಂದು ಮಾತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಲಿ-ಕಲಿ ಶುರುವಾದಾಗ ಆ ಕಾರ್ಡುಗಳನ್ನು ಬರೆದವರು ಆಂಧ್ರದ ಋಷಿ ವ್ಯಾಲಿ ಶಾಲೆಗೆ ಹೋಗಿ ನೋಡಿಕೊಂಡು ಬಂದ ಸರ್ಕಾರಿ ಶಾಲಾ ಮೇಷ್ಟ್ರುಗಳೇ. ಅ ಆ ಇ ಈ ಬಿಟ್ಟು "ರ ಗ ಸ ದ ಅ" ಇಂದ ಶುರು ಮಾಡಿದ್ದು ಆಟಕ್ಕಲ್ಲ. ಈ ಐದೇ ಅಕ್ಷರದಲ್ಲಿ ಸರ, ದರ, ಅಗಸ, ಅರಸ, ಗರಗಸ ಅಂತ ಪದ ಓದಬಹುದು. ಅ ಆ ಇ ಈ ಉ ಐದನ್ನೂ ಕಲಿತ ಮಗು ಏನು ಓದುತ್ತೆ ಹೇಳಿ?

ಹಳೇ ಮೇಷ್ಟ್ರು
"ಈ" ಓದುತ್ತೆ. "ಆ" ಓದುತ್ತೆ. 😀
ಆಯ್ತಪ್ಪ, ಅಕ್ಷರದ ಕ್ರಮ ಒಪ್ಪಿದೆ. ಕಾಗುಣಿತದ ಹೆಸರುಗಳನ್ನು ಮಾತ್ರ ಬಿಡಬೇಡಿ. ಇಳಿ, ಗುಡಿಸು, ಕೊಂಬು, ಏತ್ವ ಅನ್ನೋ ಹೆಸರು ಗೊತ್ತಿಲ್ಲದ ಮಗುವಿಗೆ ತಪ್ಪು ಎಲ್ಲಿದೆ ಅಂತ ಬಾಯಲ್ಲಿ ಹೇಳೋಕೂ ಆಗಲ್ಲ.

ಬಳಪದ ಪುಡಿ
ಆ ಮಾತು ನೂರಕ್ಕೆ ನೂರು ಸರಿ.

ಕಪ್ಪುಹಲಗೆ
ಚುಕ್ಕಿ ಮೇಡಂ, ನಿಮ್ಮ ಪಟ್ಟಿಯಲ್ಲೇ ಉತ್ತರ ಇದೆ. ಪುಸ್ತಕಕ್ಕೆ ಮೂರು ಬಗೆ ತಪ್ಪು ಬಂದಿದೆ. ಮೂರೂ ಬೇರೆ ಬೇರೆ ಕಾಯಿಲೆ, ನೀವು ಮೂರಕ್ಕೂ ಒಂದೇ ಮಾತ್ರೆ ಕೊಡ್ತಿದ್ದೀರಿ.

"ಪುತಕ" ಬರೆದ ಮಗುವಿಗೆ ಸ್ ಕೇಳಿಸಿಲ್ಲ. ಅದು ಕಿವಿಯ ತೊಂದರೆ, ಕೈದಲ್ಲ. "ಕತ್ತೆ"ಗೆ "ಕತೆ" ಬರೆದ ನಾಲ್ವರೂ ಇದೇ ಗುಂಪು.

"ಪುಸತಕ" ಬರೆದವರಿಗೆ ಎರಡೂ ಕೇಳಿಸಿದೆ. ಆದರೆ ಸ ಕಾರಕ್ಕೆ ಸ್ವರ ಇಲ್ಲ, ಅದು ಅರ್ಧ ಅನ್ನೋದು ಗೊತ್ತಿಲ್ಲ.

"ಪುತ್ಸಕ" ಬರೆದವರು ಬಹಳ ಹತ್ತಿರ ಬಂದಿದ್ದಾರೆ. ಅರ್ಧ ಗೊತ್ತು, ಒತ್ತು ಗೊತ್ತು, ಯಾವುದು ಮೇಲೆ ಯಾವುದು ಕೆಳಗೆ ಅನ್ನೋದು ಮಾತ್ರ ತಿರುಗಿದೆ.

ಇನ್ನು ಅಮ್ಮ, ಅಕ್ಕ, ಅಜ್ಜ ಸರಿ ಬಂತು ಅಂತ ಲೆಕ್ಕಕ್ಕೆ ತಗೋಬೇಡಿ. ಅವು ಮಗುವಿಗೆ ಚಿತ್ರಗಳು. ಎರಡು ವರ್ಷದಿಂದ ಗೋಡೆಯ ಮೇಲೆ ನೋಡಿ ನೋಡಿ ಹಾಗೇ ಇಳಿಸುತ್ತೆ. ಪರೀಕ್ಷೆ ಮಾಡಬೇಕಾ? "ತಿಮ್ಮ" ಬರೆಸಿ, "ಬಗ್ಗ" ಅಂತ ಅರ್ಥವಿಲ್ಲದ ಒಂದು ಹೆಸರು ಬರೆಸಿ. ಅದು ಸರಿ ಬಂದರೆ ಮಾತ್ರ ಸಜಾತಿ ಒತ್ತು (ಅಕ್ಷರಕ್ಕೆ ಅದೇ ಅಕ್ಷರದ ಒತ್ತು) ಬರುತ್ತೆ ಅಂತ ಅರ್ಥ.

ಚುಕ್ಕಿ ಮಿಸ್
ಅಯ್ಯೋ ಹೌದಲ್ಲ ಸರ್. ಬರೀ ಸರಿ-ತಪ್ಪು ಎಣಿಸ್ತಿದ್ದೆ, ತಪ್ಪು ಯಾವ ಬಗೆಯದು ಅಂತ ನೋಡಿರಲಿಲ್ಲ. ಹಾಗಾದರೆ ಮೂರಕ್ಕೂ ಬೇರೆ ಬೇರೆ ಏನು ಮಾಡಲಿ?

ಕಪ್ಪುಹಲಗೆ
ಕಿವಿಯಿಂದ ಶುರು ಮಾಡಿ. ಸ್ಲೇಟು, ಪುಸ್ತಕ ಎರಡೂ ಪಕ್ಕಕ್ಕಿಡಿ. ಜೋಡಿ ಪದ ಹೇಳಿ: ಕತೆ–ಕತ್ತೆ, ಹಳಿ–ಹಳ್ಳಿ, ಬಳಿ–ಬಳ್ಳಿ, ಮಗ–ಮಗ್ಗ, ಎಲೆ–ಎಲ್ಲೆ, ಅಡಿ–ಅಡ್ಡಿ, ಕಡಿ–ಕಡ್ಡಿ. ಪೂರ್ಣಾಕ್ಷರಕ್ಕೆ ಚಪ್ಪಾಳೆ, ಅರ್ಧಾಕ್ಷರಕ್ಕೆ ಮುಷ್ಟಿ. ಕತೆ ಅಂದರೆ ಚಪ್ಪಾಳೆ, ಚಪ್ಪಾಳೆ. ಕತ್ತೆ ಅಂದರೆ ಚಪ್ಪಾಳೆ, ಮುಷ್ಟಿ, ಚಪ್ಪಾಳೆ. ಪುಸ್ತಕ: ಚಪ್ಪಾಳೆ, ಮುಷ್ಟಿ, ಚಪ್ಪಾಳೆ, ಚಪ್ಪಾಳೆ. ಮುಷ್ಟಿ ಹಿಡಿದಾಗ ಬಾಯಿ ಆ ಶಬ್ದದ ಮೇಲೇ ಒಂದು ಕ್ಷಣ ನಿಲ್ಲಬೇಕು: ಪು ಸ್‌‌... ಅಂತ ಎಳೆಯೋದಲ್ಲ, ಸ್ ಅಂತ ತಡೆದು ತ ಕ್ಕೆ ಬಿಡೋದು.

ಇಲ್ಲಿ ಆಗುವ ಒಂದು ಎಡವಟ್ಟು: ಮೇಷ್ಟ್ರು ಉಕ್ತಲೇಖನ ಹೇಳುವಾಗ ಮಕ್ಕಳಿಗೆ ಅನುಕೂಲ ಆಗಲಿ ಅಂತ "ಪು...ಸ...ತ...ಕ" ಅಂತ ಬಿಡಿಸಿ ಹೇಳ್ತಾರೆ. ಮಗು ಕೇಳಿಸಿಕೊಂಡಿದ್ದನ್ನೇ ಸರಿಯಾಗಿ ಬರೆಯುತ್ತೆ: ಪುಸತಕ. ತಪ್ಪು ಯಾರದ್ದು?

ಚುಕ್ಕಿ ಮಿಸ್
... ನನ್ನದೇ 🙈

ಧಾರವಾಡ ಗುರುಗಳು
ಅಕ್ಕೋರ, ಇದು ನಿಮ್ಮೊಬ್ಬರದ ಅಲ್ಲ ಬಿಡ್ರಿ, ಎಲ್ಲಾರೂ ಹಂಗ ಹೇಳ್ತಾರ. ಪದ ಇಡಿಯಾಗಿ ಒಮ್ಮೆ, ಒಂದು ವಾಕ್ಯದಾಗ ಒಮ್ಮೆ, ಮತ್ತ ಇಡಿಯಾಗಿ ಒಮ್ಮೆ. ಮೂರ ಸಲ ಹೇಳಿ ಬಾಯಿ ಮುಚ್ಚಬೇಕು. ಬಿಡಿಸೋದು ಹುಡುಗರ ಕೆಲಸ, ಗುರುಗಳದ್ದಲ್ಲ.

ಪುಸತಕದವರಿಗೆ ಒಂದು ಹಾದಿ ಹೇಳ್ತೀನಿ. ಬಸ್, ಪೆನ್, ಕಪ್, ಬುಕ್, ನಟ್. ಈ ಪದ ಎಲ್ಲಾ ಹುಡುಗರ ಬಾಯಾಗ ಅದಾವ, ಕಡೇ ಅಕ್ಷರ ಅರ್ಧ ಅಂತ ಅವರಿಗೆ ಗೊತ್ತೂ ಐತಿ. ಹಲಗಿ ಮ್ಯಾಲ "ಬಸ್" ಬರೀರಿ. ಈಗ ನಾವು ಮಾತಾಡೋ ಹಂಗ ಹೇಳಸ್ರಿ: ಬಸ್ಸು. ಸ್ ಮುಂದ ಸು ಬಂತು. ಪೆನ್ ಹೋಗಿ ಪೆನ್ನು, ಕಪ್ ಹೋಗಿ ಕಪ್ಪು, ಬುಕ್ ಹೋಗಿ ಬುಕ್ಕು, ನಟ್ ಹೋಗಿ ನಟ್ಟು. ಒತ್ತು ಎಲ್ಲಿಂದ ಹುಟ್ಟತೈತಿ ಅನ್ನೋದು ಕಣ್ಣಿಗೇ ಕಾಣತೈತಿ.

ತಟ್ಟೆ ಐದು
ಆಹಾ! ಇದನ್ನು ಕದ್ದೆ ಗುರುಗಳೇ.

ಧಾರವಾಡ ಗುರುಗಳು
ಕದೀರಿ ಕದೀರಿ. ಒಂದು ಎಚ್ಚರ: ಬಸ್ಸು ಬರೆಯುವಾಗ ಕೊಂಬು ಮ್ಯಾಲಿನ ಸ ಕ್ಕ ಹತ್ತತೈತಿ, ಕೆಳಗಿನ ಒತ್ತಿಗಲ್ಲ. ಹುಡುಗರು ಒತ್ತಿಗೇ ಕೊಂಬು ಹಚ್ಚಾಕ ಹೋಗ್ತಾರ. ಅದಕ್ಕ ಮೊದಲನೇ ದಿನ ಬಸ್ಸು ಸಾಕು, ಉಳಿದದ್ದು ನಾಳೆ.

ಬಳಪದ ಪುಡಿ
"ಶಕಿತ"ದ ಮೂಲವೂ ಅದೇ. ಬರಹದಲ್ಲಿ ಗುಡಿಸು ಇರೋದು ಕ ಮೇಲೆ. ಉಚ್ಚಾರದಲ್ಲಿ ಅದು ಬರೋದು ತ ಆದ ಮೇಲೆ. ಮಗು ಮೇಲಿಂದ ಓದಿಕೊಂಡು ಬಂದರೆ "ಕಿ" ಮೊದಲು ಕಾಣುತ್ತೆ, ಕೆಳಗಿನ ತ ಒತ್ತು ಆಮೇಲೆ. ಮಗು ಓದಿದ್ದು ಕಣ್ಣಿಗೆ ಕಂಡ ಕ್ರಮದಲ್ಲೇ. ನಮ್ಮ ಲಿಪಿಯೇ ಹಾಗಿದೆ.

ಬೆರಳಿನ ದಾರಿ ಕಲಿಸಿ: ಮೇಲೆ, ಕೆಳಗೆ, ಮತ್ತೆ ಮೇಲೆ. ಹಲಗೆಯ ಮೇಲೆ ಶಕ್ತಿ ದೊಡ್ಡದಾಗಿ, ಒಂದು ಗೇಣಿನಷ್ಟು ಬರೆಯಿರಿ. ಕ ಬಿಳಿ ಚಾಕ್, ತ ಒತ್ತು ಕೆಂಪು, ಗುಡಿಸು ಹಳದಿ. ಮಗುವಿನ ಬೆರಳು ಬಿಳಿ ಮುಟ್ಟಿದಾಗ "ಕ್", ಕೆಂಪು ಮುಟ್ಟಿದಾಗ "ತ್", ಹಳದಿ ಮುಟ್ಟಿದಾಗ "ಇ". ಮೂರೂ ಕೂಡಿಸಿದರೆ ಕ್ತಿ. ವಸ್ತು, ಭಕ್ತಿ, ಪತ್ನಿ, ಆಸ್ತಿ ಎಲ್ಲಕ್ಕೂ ಇದೇ ದಾರಿ. ಬಣ್ಣ ನಾಲ್ಕು ದಿನ ಸಾಕು, ಐದನೇ ದಿನ ಬಿಳಿ ಚಾಕ್‌ನಲ್ಲೇ ಬರೆಯಿರಿ. ಬಣ್ಣಕ್ಕೇ ಅಂಟಿಕೊಂಡರೆ ಪಠ್ಯಪುಸ್ತಕದ ಕಪ್ಪು ಅಕ್ಷರ ನೋಡಿ ಮತ್ತೆ ನಿಲ್ಲುತ್ತಾರೆ.

ಲೀಲಕ್ಕ
ಒತ್ತುಗಳ ಚಾರ್ಟು ಇಡಿಯಾಗಿ ತೂಗುಹಾಕಿ ಕ ಇಂದ ಳ ವರೆಗೆ ಓದಿಸೋದು ವ್ಯರ್ಥ ಅಂತ ನನ್ನ ಅಭಿಪ್ರಾಯ. ಎಲ್ಲ ಒತ್ತೂ ಒಂದೇ ಕಷ್ಟ ಅಲ್ಲ. ಕ, ಗ, ಚ, ಡ, ದ, ಪ, ವ, ಸ ಇವುಗಳ ತಲಕಟ್ಟು ತೆಗೆದು ಚಿಕ್ಕದು ಮಾಡಿದರೆ ಒತ್ತು. ಜ, ಟ, ಣ, ಬ ಅಂಥವು ಹೆಚ್ಚುಕಮ್ಮಿ ಇದ್ದ ಹಾಗೇ ಕೆಳಗೆ ಬರುತ್ತವೆ. ಮಕ್ಕಳು ಇವನ್ನು ನೋಡಿಯೇ ಊಹಿಸುತ್ತಾರೆ, ಅದಕ್ಕೆ ಎರಡು ದಿನ ಸಾಕು.

ನಿಜವಾದ ಪಾಠ ಇರೋದು ತ, ನ, ಮ, ಯ, ರ ಈ ಐದಕ್ಕೆ. ಇವುಗಳ ಒತ್ತು ಮೂಲ ಅಕ್ಷರದ ಹಾಗೆ ಕಾಣೋದೇ ಇಲ್ಲ. ಕನ್ನಡದಲ್ಲಿ ದಿನಬೆಳಗಾದರೆ ಸಿಗೋದೂ ಇವೇ: ಅನ್ನ, ತಮ್ಮ, ಹತ್ತು, ವಿದ್ಯೆ, ಚಕ್ರ. ದಿನಕ್ಕೆ ಒಂದು ಒತ್ತು, ಐದು ದಿನ. ಲ ಒತ್ತನ್ನೂ ಕೆಲವರು ಈ ಸಾಲಿಗೆ ಸೇರಿಸ್ತಾರೆ, ಆದರೆ ಬೆಲ್ಲ, ಹಲ್ಲು ನೋಡಿದ ಮಗು ಅದನ್ನು ಗುರುತಿಸಿಬಿಡುತ್ತೆ.

ತಟ್ಟೆ ಐದು
ಲೀಲಕ್ಕ, ನ ಒತ್ತು–ತ ಒತ್ತು ಅದಲುಬದಲು ಮಾಡ್ತಾರಲ್ಲ, ಅದಕ್ಕೆ?

ಲೀಲಕ್ಕ
ಎರಡನ್ನೂ ಒಂದೇ ದಿನ ಕಲಿಸಬೇಡಿ, ಅಷ್ಟೇ. ನಡುವೆ ಮ, ಯ ಹಾಕಿ ಎರಡು ದಿನ ಅಂತರ ಕೊಡಿ. ಒಟ್ಟೊಟ್ಟಿಗೆ ಇಟ್ಟು "ನೋಡು ಇದು ಬೇರೆ ಅದು ಬೇರೆ" ಅಂದರೆ ಗೊಂದಲ ನಾವೇ ಹುಟ್ಟಿಸಿದ ಹಾಗೆ. ಒಂದು ಗಟ್ಟಿಯಾದ ಮೇಲೆ ಇನ್ನೊಂದು.

ಗಡಿಯಾರ
ಯಾರೂ ನೋಟ್‌ಬುಕ್ಕಿನ ವಿಷಯ ಎತ್ತಲಿಲ್ಲ. ಎರಡು ಗೆರೆ ಕಾಪಿಯಲ್ಲಿ ಅಕ್ಷರ ಗೆರೆಗಳ ನಡುವೆ ಕೂರುತ್ತೆ, ಒತ್ತಿಗೆ ಜಾಗ ಎಲ್ಲಿ? ಕೆಳಗಿನ ಖಾಲಿ ಜಾಗಕ್ಕೆ ಇಳಿದು ಮುಂದಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತೆ. ಮಗು ಇದಕ್ಕೇ ಹೆದರಿ ಒತ್ತನ್ನು ಪಕ್ಕದಲ್ಲಿ ಬರೆಯುತ್ತೆ, ಇಲ್ಲಾ ಎಷ್ಟು ಚಿಕ್ಕದು ಮಾಡುತ್ತೆ ಅಂದರೆ ತ ಒತ್ತೋ ನ ಒತ್ತೋ ಬ್ರಹ್ಮನಿಗೂ ತಿಳಿಯಲ್ಲ. ಒತ್ತಕ್ಷರ ಕಲಿಯುವ ತಿಂಗಳು ಒಂದು ಸಾಲು ಬಿಟ್ಟು ಒಂದು ಸಾಲು ಬರೆಸಿ. ಸ್ಲೇಟಾದರೆ ಒಂದು ಮುಖದಲ್ಲಿ ಮೂರೇ ಪದ.

ಚುಕ್ಕಿ ಮಿಸ್
ಪಕ್ಕದಲ್ಲಿ ಒತ್ತು ಬರೆಯೋ ಇಬ್ಬರಿದ್ದಾರೆ! ಅದು ಕಾಪಿಯ ಕಾಟ ಅಂತ ಹೊಳೆದೇ ಇರಲಿಲ್ಲ.

ಕಡಲತಡಿ ಟೀಚರ್
ಬ್ರಹ್ಮ ಅಂದ್ರಲ್ಲ, ಅದನ್ನೇ ಬರೆಸಿ ನೋಡಿ ಮಾರ್ರೆ. ಬ್ರಹ್ಮ, ಚಿಹ್ನೆ, ಮಧ್ಯಾಹ್ನ ಈ ಮೂರನ್ನು ಮೇಷ್ಟ್ರುಗಳೇ ಬ್ರಮ್ಹ, ಚಿನ್ಹೆ, ಮಧ್ಯಾನ ಅಂತ ಹೇಳುದು. ಮಕ್ಕಳು ಕೇಳಿದ ಹಾಗೆ ಬರೆದ್ರೆ ಕೆಂಪು ಶಾಯಿ. ಮಧ್ಯಾಹ್ನದ ಊಟ ಅಂತ ದಿನಾ ಹಲಗೆಯ ಮೂಲೆಯಲ್ಲಿ ಬರೆದಿರ್ತದೆ, ಅದನ್ನು ನೋಡಿ ಹೇಳಿಸಿದ್ರೆ ಸಾಕು. ಇಂಥ ಪದಗಳನ್ನು ಉಕ್ತಲೇಖನಕ್ಕೆ ಕೊಡ್ಲೇಬಾರದು, ಕಣ್ಣಿನಿಂದ ಕಲಿಯುವ ಪದ ಅವು.

ಮತ್ತೊಂದು. ತುಳು ಮನೆಯ ಮಕ್ಕಳಿಗೆ ದ್ವಿತ್ವ (ಒಂದೇ ಅಕ್ಷರ ಎರಡಾಗಿ ಬರುದು) ಕೇಳಿಸುದು ಕಷ್ಟವೇ ಅಲ್ಲ, ಅವರ ಭಾಷೆಯಲ್ಲೇ ಉಂಟು. ಅವರ ಕಷ್ಟ ಬೇರೆ: ತುಳುವಿನಲ್ಲಿ ಅಪ್ಪೆ ಅಂದ್ರೆ ತಾಯಿ, ಅಮ್ಮೆ ಅಂದ್ರೆ ತಂದೆ! ಒಂದನೇ ಕ್ಲಾಸಿನಲ್ಲಿ ಅಪ್ಪ-ಅಮ್ಮ ಚಿತ್ರದ ಕಾರ್ಡು ಹಿಡಿದ್ರೆ ಮಗು ತಲೆ ಕೆರ್ಕೊಳ್ತದೆ. ಅಲ್ಲಿ ಪ್ಪ, ಮ್ಮ ಕಲಿಸ್ಲಿಕ್ಕೆ ತುಪ್ಪ, ಉಪ್ಪು, ತಮ್ಮ ಹಿಡ್ಕೊಳ್ಳುದು ಒಳ್ಳೆದು.

ಹಳೇ ಮೇಷ್ಟ್ರು
ಅಪ್ಪೆ-ಅಮ್ಮೆ ವಿಷಯ ಚೆನ್ನಾಗಿದೆ. ಈ ಕಡೆ ಮಂಡ್ಯ, ಚಾಮರಾಜನಗರದಲ್ಲಿ ಹ ಕಾರ ಹಾರಿಹೋಗುತ್ತೆ. ಹಳ್ಳಿಗೆ "ಅಳ್ಳಿ", ಹಲ್ಲಿಗೆ "ಅಲ್ಲು". ಉಕ್ತಲೇಖನ ತಿದ್ದುವಾಗ "ಅಳ್ಳಿ" ಬರೆದ ಮಗುವಿಗೆ ಒತ್ತಕ್ಷರದಲ್ಲಿ ಪೂರ್ತಿ ಅಂಕ ಕೊಡಿ. ಹ ಕಾರ ಬೇರೆ ದಿನದ ಪಾಠ. ಇಡೀ ಪದಕ್ಕೆ ಅಡ್ಡಗೆರೆ ಹೊಡೆದರೆ ಮಗು ತಾನು ಸರಿ ಬರೆದ ಒತ್ತನ್ನೂ ಅನುಮಾನಿಸುತ್ತೆ.

ತಟ್ಟೆ ಐದು
ಮೇಷ್ಟ್ರು ಇವತ್ತು ನಮ್ಮ ಪಾರ್ಟಿ ಸೇರಿಬಿಟ್ರು.

ವಾರಾಂತ್ಯ ಕನ್ನಡ
ಹೊರದೇಶದಲ್ಲಿ ವಾರಕ್ಕೊಮ್ಮೆ ಕನ್ನಡ ಕಲಿಸುವವರಿಗೂ ಈ ಮುಷ್ಟಿ-ಚಪ್ಪಾಳೆ ಬೇಕೇ ಬೇಕು. ಅಲ್ಲಿ ಬೆಳೆದ ಮಕ್ಕಳಿಗೆ ಇಂಗ್ಲಿಷ್‌ನಲ್ಲಿ ಎರಡು ಎಲ್, ಎರಡು ಟಿ ಬರೆದಿದ್ದರೂ ಓದೋದು ಒಂದೇ. ಹಾಗಾಗಿ ಎಲೆ–ಎಲ್ಲೆ ವ್ಯತ್ಯಾಸ ಕಿವಿಗೆ ಬೀಳೋದೇ ಇಲ್ಲ. ಮೂರು ವಾರ ಬರೀ ಕಿವಿಯ ಕೆಲಸ, ಆಮೇಲೆ ಬರಹ.

ಗಣಿತದ ಗೀಳು
ವಿಷಯಾಂತರ, ಕ್ಷಮಿಸಿ. ತಪ್ಪಿನ ಬಗೆ ನೋಡಬೇಕು ಅಂದ್ರಲ್ಲ, ಕಳೆಯುವ ಲೆಕ್ಕದಲ್ಲೂ ಅದೇ ಕತೆ. 52 − 28 ಕ್ಕೆ 36 ಬರೆದ ಮಗುವಿಗೆ ಕಳೆಯೋಕೆ ಬರಲ್ಲ ಅಂತಲ್ಲ. ಅದು ದೊಡ್ಡದರಲ್ಲಿ ಚಿಕ್ಕದು ಕಳೆದಿದೆ: 8ರಲ್ಲಿ 2 ಹೋದರೆ 6, 5ರಲ್ಲಿ 2 ಹೋದರೆ 3. ಅದೇ ಲೆಕ್ಕಕ್ಕೆ 34 ಬರೆದಿದ್ದರೆ ಹತ್ತು ತಂದಿದೆ, ಆದರೆ ದಶಕದಲ್ಲಿ ಕಮ್ಮಿ ಮಾಡಲು ಮರೆತಿದೆ. ಎರಡಕ್ಕೂ "ದಶಕ ತಗೋಬೇಕು" ಅಂತ ಒಂದೇ ಉಪದೇಶ ಕೊಟ್ಟರೆ ಎರಡನೇ ಮಗುವಿಗೆ ಏನು ಉಪಯೋಗ? ಮೊದಲನೆಯದಕ್ಕೆ ಹತ್ತು ಕಡ್ಡಿಯ ಕಟ್ಟು ಐದು, ಬಿಡಿ ಕಡ್ಡಿ ಎರಡು ಕೈಗೆ ಕೊಟ್ಟು "ಎಂಟು ಕಡ್ಡಿ ಕೊಡು" ಅನ್ನಿ. ರಬ್ಬರ್ ಬ್ಯಾಂಡ್ ಬಿಚ್ಚದೆ ಗತಿ ಇಲ್ಲ.

ನಿರ್ವಾಹಕ
ಚೆನ್ನಾಗಿದೆ ಸರ್, ಆದರೆ ಕಳೆಯುವ ಲೆಕ್ಕಕ್ಕೆ ಬೇರೆ ಎಳೆ ತೆರೆಯಿರಿ. ಇಲ್ಲಿ ಒತ್ತಕ್ಷರ ಮಾತ್ರ.

ಕಪ್ಪುಹಲಗೆ
"ಪುತ್ಸಕ" ಗುಂಪಿಗೆ ಮದ್ದು ಹೇಳೋದು ಉಳಿದಿತ್ತು. ಮಡಿಕೆ ಕಾರ್ಡ್. ಹಳೇ ಲಗ್ನಪತ್ರಿಕೆಯ ರಟ್ಟು ಉದ್ದಕ್ಕೆ ಕತ್ತರಿಸಿ, ನಾಲ್ಕು ಬೆರಳು ಅಗಲ, ಒಂದೂವರೆ ಗೇಣು ಉದ್ದ. ಬಿಚ್ಚಿದಾಗ ಒಳಗೆ ನಾಲ್ಕು ಮನೆ: ಪು | ಸ್ | ತ | ಕ. ಮಡಚಿದಾಗ ಹೊರಮೈ ಮೇಲೆ: ಪುಸ್ತಕ. ಮಗು ಮಡಚಿದ್ದನ್ನು ಓದುತ್ತೆ, ಬಿಚ್ಚಿ ಸರಿಯಾ ಅಂತ ನೋಡಿಕೊಳ್ಳುತ್ತೆ. ಆಮೇಲೆ ತಿರುಗಾಮುರುಗ: ಬಿಚ್ಚಿದ್ದನ್ನು ನೋಡಿ ಸ್ಲೇಟಿನಲ್ಲಿ ಕೂಡಿಸಿ ಬರೆದು, ಮಡಚಿ ತಾಳೆ ನೋಡುತ್ತೆ. ನಿಯಮ ಒಂದೇ ಸಾಲು: ಬಾಯಿಗೆ ಮೊದಲು ಬಂದದ್ದು ಮೇಲೆ, ಆಮೇಲೆ ಬಂದದ್ದು ಕೆಳಗೆ. ಮೇಷ್ಟ್ರು ಪಕ್ಕದಲ್ಲಿ ಇರಬೇಕಿಲ್ಲ, ಸ್ವಕಲಿಕೆ ತಟ್ಟೆಯಲ್ಲೇ ನಡೆಯುತ್ತೆ. ಹನ್ನೆರಡು ಕಾರ್ಡ್ ಸಾಕು.

ತಿರುಗುವ ಚಕ್ರ ಮಾಡಬೇಡಿ. ಪ್ರದರ್ಶನಕ್ಕೆ ಚೆಂದ, ಶಾಲೆ ನೋಡಲು ಸಿ.ಆರ್.ಪಿ. (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದಾಗ ಫೋಟೋಗೂ ಚೆಂದ. ಆದರೆ ತಿರುಗಿಸಿದರೆ ಕನ್ನಡದಲ್ಲಿ ಇಲ್ಲದ ಜೋಡಿಗಳೇ ಹೆಚ್ಚು ಬರುತ್ತವೆ, ಸ್ವರ ಹಚ್ಚೋಕೆ ಜಾಗವೂ ಇಲ್ಲ.

ಗಡಿಯಾರ
ನಿಯಮ "ಬಾಯಿಗೆ ಮೊದಲು ಬಂದದ್ದು ಮೇಲೆ" ಅಂದ್ರಿ. ಸೂರ್ಯ?

ಕಪ್ಪುಹಲಗೆ
ಬಂತು ನೋಡಿ 😄 ಕಾಯ್ತಾ ಇದ್ದೆ.

ಲೀಲಕ್ಕ
ಸೂರ್ಯದಲ್ಲಿ ಬಾಯಿಗೆ ಮೊದಲು ಬರೋದು ರ್, ಬರೆಯೋದು ಕೊನೆಗೆ. ಉಳಿದ ಒತ್ತೆಲ್ಲ ಒಂದು ದಾರಿ, ಈ ರ್ ಗುರುತು, ಅಂದರೆ ಅರ್ಕಾವತ್ತು, ಉಲ್ಟಾ ದಾರಿ. ಇಷ್ಟು ದಿನ ಕಲಿಸಿದ್ದನ್ನು ಅದು ಬುಡಮೇಲು ಮಾಡುತ್ತೆ, ಅದಕ್ಕೇ ಒಂಬತ್ತರಲ್ಲಿ ಸೊನ್ನೆ. ಅದರ ಆಕಾರ ಬೇರೆ ನಮ್ಮ ಅಂಕಿ ೯ರ ಹಾಗೆ. ಕರ್ನಾಟಕ ನೋಡಿ "ಕನಾ ಒಂಬತ್ತು ಟಕ" ಅಂತ ಓದಿದರೆ ನಗಬಾರದು.

ತಟ್ಟೆ ಐದು
ಹಾಗಾದರೆ ಅರ್ಕಾವತ್ತನ್ನೇ ಬಿಟ್ಟು ಸೂರ‍್ಯ ಅಂತ ಬರೆಸಬಹುದಲ್ಲ? ರ ಮೇಲೆ, ಯ ಒತ್ತು ಕೆಳಗೆ. ನಿಯಮ ಕೆಡಲ್ಲ. ಕನ್ನಡದಲ್ಲಿ ಆ ರೂಪವೂ ಇದೆ.

ಹಳೇ ಮೇಷ್ಟ್ರು
ಸುತರಾಂ ಬೇಡ. ಪಠ್ಯಪುಸ್ತಕ, ಬಸ್ಸಿನ ಬೋರ್ಡು, ಪತ್ರಿಕೆ ಎಲ್ಲದರಲ್ಲೂ ಇರೋದು ಅರ್ಕಾವತ್ತು. ಓದೋದು ಒಂದು ಬರೆಯೋದು ಒಂದು ಮಾಡಿದರೆ ಮಗು ಎರಡಕ್ಕೂ ಇಲ್ಲ.

ತಟ್ಟೆ ಐದು
ರ‍್ಯಾಂಕ್, ರ‍್ಯಾಲಿ ಎಲ್ಲ ಹಾಗೇ ಅಲ್ವಾ ಬರೆಯೋದು ಮೇಷ್ಟ್ರೇ? ಪದದ ಮೊದಲಲ್ಲಿ ಅರ್ಕಾವತ್ತು ಹೊಂದಲ್ಲ. ಅಂದ ಮೇಲೆ ಆ ರೂಪ ತಪ್ಪು ಅನ್ನೋಕೆ ಆಗಲ್ಲ.

ಹಳೇ ಮೇಷ್ಟ್ರು
ತಪ್ಪು ಅಂದೆನಾ? ಬೇಡ ಅಂದೆ. ಮೌಲ್ಯಮಾಪನ ಮಾಡುವವರು ಇನ್ನೊಬ್ಬರಾದರೆ ಅವರು ಹೊಡೆದುಹಾಕಿದಾಗ ಅಳೋದು ಮಗು, ನೀವಲ್ಲ.

ಬಳಪದ ಪುಡಿ
ಇಬ್ಬರೂ ಸರಿ. ಮೆಟ್ಟಿಲಾಗಿ ಬಳಸಿ. ಮಗು ತಾನಾಗಿ ಸೂರ‍್ಯ ಬರೆದರೆ "ಸರಿಯಾಗಿ ಕೇಳಿಸಿಕೊಂಡಿದ್ದೀಯ" ಅಂತ ಹೇಳಿ, ಪಕ್ಕದಲ್ಲಿ ಸೂರ್ಯ ಬರೆದು ತೋರಿಸಿ. ಕೆಂಪು ಗೆರೆ ಬೇಡ. ಕಲಿಸುವಾಗ ಮಾತ್ರ ಅರ್ಕಾವತ್ತೇ ಕಲಿಸಿ, ಉಳಿದೆಲ್ಲ ಒತ್ತು ಮುಗಿದ ಮೇಲೆ, ಕಟ್ಟಕಡೆಗೆ. ರ್ ಬಾಯಿಗೆ ಬಂದ ಕೂಡಲೇ ಎಡಗೈ ಮುಷ್ಟಿ ಹಿಡಿದು ಬಚ್ಚಿಟ್ಟುಕೊಳ್ಳಬೇಕು, ಮುಂದಿನ ಅಕ್ಷರ ಬರೆದಾದ ಮೇಲೆ ಮುಷ್ಟಿ ಬಿಚ್ಚಿ ಅದನ್ನು ಇಳಿಸಬೇಕು. ಸೂ, (ಮುಷ್ಟಿ), ಯ, (ಬಿಚ್ಚು) ರ್. ವರ್ಷ, ಮಾರ್ಗ, ಅರ್ಧ, ಸರ್ಪ ಇಂಥ ಎರಡು ಅಕ್ಷರದ ಪದಗಳಲ್ಲಿ ಮೊದಲು ಆಡಿಸಿ. ಕರ್ನಾಟಕ ನಾಲ್ಕನೇ ದಿನಕ್ಕೆ. ದೀರ್ಘ ಇದ್ದರೆ ಅದನ್ನೂ ಬರೆದು ಮುಗಿಸಿ ಆಮೇಲೆ ಅರ್ಕಾವತ್ತು, ಇಲ್ಲಿ ಬಹಳ ಮಕ್ಕಳು ಎಡವುತ್ತಾರೆ.

ಕಡಲತಡಿ ಟೀಚರ್
ಕೃ–ಕ್ರ ಕೂಡ ಸೇರಿಸಿ. ವಟ್ರಸುಳಿಯನ್ನೂ (ಋ ಸ್ವರದ ಗುರುತು) ರ ಒತ್ತನ್ನೂ ಮಕ್ಕಳು ಒಂದೇ ಅಂತ ತಿಳ್ಕೊಳ್ತಾರೆ. ಗೃಹ–ಗ್ರಹ ಜೋಡಿ ಸಾಕು, ವಿವರಣೆ ಬೇಡ.

ಚುಕ್ಕಿ ಮಿಸ್
ತುಂಬ ಸಿಕ್ಕಿತು. ಈಗ ಆ 15 ನಿಮಿಷಕ್ಕೆ ಹೊಂದಿಸೋದು ಹೇಗೆ? ನಾನು ಮೂರನೆಯವರ ಜೊತೆ ಕೂತರೆ ಒಂದನೆಯವರು ಬಂದು ಬಂದು ಸ್ಲೇಟು ತೋರಿಸ್ತಾರೆ. ಬೆಳಿಗ್ಗೆ ಹಾಲು ಮುಗಿದು ಲೋಟ ತೊಳೆಯುವಷ್ಟರಲ್ಲೇ ಅರ್ಧ ಅವಧಿ ಹೋಗಿರುತ್ತೆ.

ಧಾರವಾಡ ಗುರುಗಳು
ಹಾಲು ತಡಾ ಆಗೋದು ಪುಡಿ ಗಂಟಾಗೋದರಿಂದ. ಹುಡುಗರಿಗೆ ತಲಾ 18 ಗ್ರಾಂ ಪುಡಿ, 150 ಮಿ.ಲೀ. ಹಾಲು. 24 ಹುಡುಗರಿಗೆ 432 ಗ್ರಾಂ ಪುಡಿ, ಸುಮಾರು ಮೂರೂವರಿ ಲೀಟರ್ ಹಾಲು. ಕುದಿಯೋ ನೀರಿಗೆ ಪುಡಿ ಸುರುವಿದರ ಗಂಟಾಗಿ, ಸೋಸಿ ಸೋಸಿ ಸಾಕಾಗತೈತಿ. ಒಂದು ತಂಬಿಗಿ ಉಗುರುಬೆಚ್ಚನ ನೀರಾಗ ಪುಡಿ ಮೊದಲು ಕಲಸಿಟ್ಟು ಆಮ್ಯಾಲ ಬಿಸಿನೀರಿಗೆ ಹಾಕಾಕ ಅಡಿಗಿಯವರಿಗೆ ಹೇಳ್ರಿ. ಹತ್ತು ನಿಮಿಷ ಉಳೀತೈತಿ.

ನಿರ್ವಾಹಕ
ಗುರುಗಳೇ, ಒತ್ತಕ್ಷರ...

ಧಾರವಾಡ ಗುರುಗಳು
"ಒತ್ತಕ್ಷರ"ದಾಗ ಒತ್ತು ಎಷ್ಟು ಹೇಳ್ರಿ? ಎರಡಲ್ಲಾ? ಹಾಲು ಕುಡದ ಬರೀರಿ.

ತಟ್ಟೆ ಐದು
ಕೂರಿಸೋ ಲೆಕ್ಕ ನಾನು ಹೇಳ್ತೀನಿ. ಒಂಬತ್ತು ಜನರನ್ನೂ ಒಟ್ಟಿಗೆ ಶಿಕ್ಷಕರ ತಟ್ಟೆಯಲ್ಲಿ ಕೂರಿಸೋದೇ ಎಲ್ಲರೂ ಮಾಡುವ ತಪ್ಪು. ಕಿವಿಯ ಗುಂಪಿನ ನಾಲ್ವರು, ಐವರು ಮಾತ್ರ ನಿಮ್ಮ ಜೊತೆ, ಮುಷ್ಟಿ-ಚಪ್ಪಾಳೆ 8 ನಿಮಿಷ. ಆಗ ಒತ್ತು ತಿರುಗಿಸಿ ಬರೆಯುವ "ಪುತ್ಸಕ"ದವರು ಮಡಿಕೆ ಕಾರ್ಡ್ ಹಿಡಿದು ಸ್ವಕಲಿಕೆಯಲ್ಲಿ. ಸರಿ ಬರೆದ ಇಬ್ಬರನ್ನು "ಪುಸತಕ" ಮಕ್ಕಳ ಜೊತೆ ಸಹಪಾಠಿ ತಟ್ಟೆಗೆ ಹಾಕಿ ಬಸ್-ಬಸ್ಸು ಆಡಿಸಿ. ಉಳಿದ 7 ನಿಮಿಷ ನೀವು ಆ ತಟ್ಟೆಗೆ ಹೋಗಿ. ಒಂದನೆಯವರಿಗೆ ಗೋಡೆಯ ಕೆಳಭಾಗದ ಕಪ್ಪುಹಲಗೆಯಲ್ಲಿ ಆ ಹೊತ್ತಿಗೆಂದೇ ಒಂದು ಚಿತ್ರ, ಅದನ್ನು ನೋಡಿ ಬರೆಯೋ ಕೆಲಸ. ತೋರಿಸೋಕೆ ಎದ್ದು ಬಂದರೆ "ಚಪ್ಪರಕ್ಕೆ ತೂಗುಹಾಕು, ಆಮೇಲೆ ನೋಡ್ತೀನಿ" ಅನ್ನಿ. ಚಪ್ಪರ ಅಂದರೆ ಮಕ್ಕಳ ಕೆಲಸ ತೂಗುಹಾಕೋಕೆ ತಲೆ ಮೇಲೆ ಕಟ್ಟಿದ ದಾರ. ಅದಕ್ಕೆ ಸ್ಲೇಟು ಬೇಡ, ಹಾಳೆ ಕೊಡಿ. ಸ್ಲೇಟು ಚಪ್ಪರಕ್ಕೆ ತೂಗಲ್ಲ, ತಲೆ ಮೇಲೆ ಬೀಳುತ್ತೆ.

ಕಪ್ಪುಹಲಗೆ
ಉಕ್ತಲೇಖನ ಹತ್ತು ಪದ ಜಾಸ್ತಿ. ದಿನಕ್ಕೆ ಐದು: ಮೂರು ಗೊತ್ತಿರುವ ಪದ, ಒಂದು ನಿನ್ನೆ ತಪ್ಪಿದ್ದು, ಒಂದು ಹೊಸದು. ದಾಖಲೆ ಪುಸ್ತಕದಲ್ಲಿ ಅಂಕ ಬೇಡ. ಮಗುವಿನ ಹೆಸರಿನ ಮುಂದೆ ಒಂದೇ ಅಕ್ಷರ ಹಾಕಿ. ಕೇಳಿಸಿಲ್ಲ ಅಂದರೆ ಕೇ, ಅರ್ಧ ಗೊತ್ತಿಲ್ಲ ಅಂದರೆ ಅ, ತಿರುಗಿದೆ ಅಂದರೆ ತಿ, ಸ್ವರ ತಪ್ಪು ಅಂದರೆ ಸ್ವ. ಶನಿವಾರ ನೋಡಿದರೆ ಯಾರನ್ನು ಎಲ್ಲಿ ಕೂರಿಸಬೇಕು ಅಂತ ಅದೇ ಹೇಳುತ್ತೆ.

ಚುಕ್ಕಿ ಮಿಸ್
ಇವತ್ತು ರಾತ್ರಿನೇ ಕಾರ್ಡ್ ಕತ್ತರಿಸ್ತೀನಿ, ಲಗ್ನಪತ್ರಿಕೆಗೆ ಬರವಿಲ್ಲ. ಕೊನೆಯ ಪ್ರಶ್ನೆ. ರಾಷ್ಟ್ರ, ಶಾಸ್ತ್ರ, ಲಕ್ಷ್ಮಿ ಇಂಥ ಎರಡೆರಡು ಒತ್ತಿನವು?

ಲೀಲಕ್ಕ
ಅವನ್ನು ನಾಲ್ಕನೇ ತರಗತಿಗೆ ಬಿಡಿ.

ಚುಕ್ಕಿ ಮಿಸ್
ರಾಷ್ಟ್ರ ಬಿಡ್ತೀನಿ. ಲಕ್ಷ್ಮಿ ಬಿಡೋಕಾಗಲ್ಲ ಅಕ್ಕ, ಕ್ಲಾಸಲ್ಲಿ ಇಬ್ಬರು ಲಕ್ಷ್ಮಿಯರಿದ್ದಾರೆ.

ಲೀಲಕ್ಕ
ಹಾಗಾದರೆ ಅದು ಅಮ್ಮ, ಅಕ್ಕನ ಸಾಲಿಗೆ ಸೇರಿತು, ಚಿತ್ರ. ಕ್ಷ ಅನ್ನೋದು ಒಂದೇ ಅಚ್ಚು ಅಂತ ಹೇಳಿ, ಅದರ ಕೆಳಗೆ ಮ ಒತ್ತು, ಮೇಲೆ ಗುಡಿಸು. ಚೀಟಿಯಲ್ಲಿ ದೊಡ್ಡದಾಗಿ ಬರೆದು ಅವರು ಕೂರುವ ಜಾಗದಲ್ಲಿ ಅಂಟಿಸಿ. ಇಬ್ಬರಿಗೂ ಬೇರೆ ಬೇರೆ ಚೀಟಿ ಕೊಡಿ, ಒಂದೇ ಕೊಟ್ಟರೆ ಜಗಳ ಬರುತ್ತೆ.